ಕಹಿ ಸುದ್ದಿಗೂ ಒಂದು ಬಾಗಿಲಿರಲಿ



ಶಿವಗಂಗೆಯ ಬೆಟ್ಟವನ್ನು ಹತ್ತಿದವರಿಗೆ ಒಳಕಲ್ಲು ತೀರ್ಥದ ಪರಿಚಯ ಇದ್ದೇ ಇರುತ್ತದೆ. ಬಂಡೆಯ ಗವಿಯೊಳಗೆ ಒರಳಿನಂಥದೊಂದು ಸಣ್ಣ ಕುಳಿ. ಅದರೊಳಗೆ ಕೈ ಇಳಿಸಿದರೆ ಕೆಲವರ ಬೆರಳಿಗೆ ನೀರು ತಗಲುತ್ತದೆ, ಕೆಲವರಿಗೆ ತಗಲುವುದಿಲ್ಲ. ಪುಣ್ಯವಂತರಿಗೆ ಮಾತ್ರ ಗಂಗೆ ಒಲಿಯುತ್ತಾಳೆ ಎಂಬುದು ಜನರ ನಂಬಿಕೆ.

ಒಮ್ಮೆ ನಾನು ಅಲ್ಲಿ ಕುಳಿತಿದ್ದಾಗ ಒಂದು ಕುಟುಂಬದವರು ಬಂದರು. ಮನೆಯ ಯಜಮಾನರು ಮೊದಲು ಕೈಯಿಳಿಸಿ "ಸಿಕ್ಕಿತು" ಎಂದರು. ಅನಂತರ ಇಬ್ಬರು ಮಕ್ಕಳು, ಸೊಸೆಯಂದಿರು, ಅಳಿಯ, ಹೀಗೆ ಒಬ್ಬೊಬ್ಬರಾಗಿ ಎಲ್ಲರೂ "ನನಗೂ ಸಿಕ್ಕಿತು" ಎಂದರು. ಕೊನೆಗೆ ಆರೇಳು ವರ್ಷದ ಒಂದು ಹೆಣ್ಣುಮಗು ಭುಜದವರೆಗೂ ಕೈ ಇಳಿಸಿ ತಡಕಾಡಿ ಎದ್ದು ನಿಂತು, "ಅಜ್ಜ, ನನಗೆ ನೀರು ಸಿಗಲಿಲ್ಲ. ಅಪ್ಪನ ಕೈಯೂ ಒಣಗೇ ಇತ್ತಲ್ಲ" ಎಂದಿತು. ತಾಯಿ ಮಗುವಿನ ರಟ್ಟೆ ಹಿಡಿದು "ಸುಮ್ಮನಿರು" ಎಂದು ಪಕ್ಕಕ್ಕೆ ಎಳೆದುಕೊಂಡಳು. ಯಜಮಾನರು ಏನನ್ನೂ ಹೇಳದೆ ಮೆಟ್ಟಿಲಿನ ಕಡೆಗೆ ತಿರುಗಿದರು.

ಆ ಮನೆಯವರನ್ನು ಸುಳ್ಳುಗಾರರೆಂದು ಹಳಿಯುವುದಕ್ಕೆ ನಾನು ಈ ಮಾತನ್ನು ಹೇಳುತ್ತಿಲ್ಲ. ಅವರ ಸ್ಥಿತಿಯಲ್ಲಿ ನಾವಿದ್ದರೂ ಹಾಗೆಯೇ ಹೇಳುತ್ತಿದ್ದೆವೇನೋ. "ನೀರು ಸಿಕ್ಕಿತೇ?" ಎಂಬ ಪ್ರಶ್ನೆಯ ಒಡಲಲ್ಲಿ "ನೀನು ಪುಣ್ಯವಂತನೇ?" ಎಂಬ ಇನ್ನೊಂದು ಪ್ರಶ್ನೆ ಅಡಗಿದೆ. ಪ್ರಶ್ನೆಯಲ್ಲಿಯೇ ದಂಡನೆ ಅಡಗಿದ್ದರೆ ಉತ್ತರವು ಒಂದೇ ಆಗುತ್ತದೆ. ಕೇಳಿದವರಿಗೆ ಅದು ಸಂತೋಷವನ್ನು ಕೊಡುತ್ತದೆ. ಕುಳಿಯಲ್ಲಿ ನೀರು ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ತಿಳಿಸುವುದಿಲ್ಲ.

ಮನೆಯಲ್ಲಿ ಹೀಗಾದರೆ ಒಂದು ಸಂಸಾರಕ್ಕೆ ಹಾನಿ. ರಾಜ್ಯದಲ್ಲಿ ಹೀಗಾದರೆ ಸಾವಿರಾರು ಸಂಸಾರಗಳಿಗೆ ಹಾನಿ. ದೊರೆಗೆ ಕಹಿ ಸುದ್ದಿಯನ್ನು ಮುಟ್ಟಿಸಲು ಮಂತ್ರಿಗಳು ಏಕೆ ಹಿಂಜರಿಯುತ್ತಾರೆ, ಆ ಹಿಂಜರಿಕೆಗೆ ಹೊಣೆ ಯಾರು ಎಂಬುದನ್ನು ಈ ತಿಂಗಳು ಒಟ್ಟಾಗಿ ಚಿಂತಿಸೋಣ.

ನಮ್ಮ ಹಿಂದಿನವರು ಈ ಕಷ್ಟವನ್ನು ಅರಿಯದವರಲ್ಲ. ಭವಭೂತಿ ಮಹಾಕವಿಯು ತನ್ನ ಉತ್ತರರಾಮಚರಿತ ನಾಟಕದಲ್ಲಿ, ಪ್ರಜೆಗಳ ಅಪವಾದವನ್ನು ಶ್ರೀರಾಮನಿಗೆ ತಂದು ತಿಳಿಸುವ ಚಾರನಿಗೆ ದುರ್ಮುಖನೆಂದು ಹೆಸರಿಟ್ಟಿದ್ದಾನೆ. ಕೆಟ್ಟ ಸುದ್ದಿಯನ್ನು ತರುವವನ ಮುಖವೂ ಕೆಟ್ಟದಾಗಿ ಕಾಣುವುದು ಲೋಕಸ್ವಭಾವ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಇನ್ನೂ ಮುಂದಕ್ಕೆ ಹೋಗಿ, ಒಬ್ಬ ಚಾರನ ಮಾತನ್ನು ನಂಬಿ ನಡೆಯಬಾರದು, ಮೂವರು ತಂದ ಸುದ್ದಿ ಒಂದೇ ಆದಾಗ ಮಾತ್ರ ನಂಬಬೇಕು ಎಂದು ವಿಧಿಸಿದ್ದಾನೆ. ಆ ಚಾರರು ಒಬ್ಬರನ್ನೊಬ್ಬರು ಅರಿತಿರಲೂಬಾರದು. ದೊರೆಯ ಮುಖ ನೋಡಿಕೊಂಡು ಸುದ್ದಿಯನ್ನು ತಿದ್ದುವ ಚಾಳಿ ಅಂದೂ ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಚಾಡಿ ಬೇರೆ, ಕಹಿ ಸುದ್ದಿ ಬೇರೆ. ಚಾಡಿಯು ಮತ್ತೊಬ್ಬನ ತಪ್ಪನ್ನು ಹೇಳುತ್ತದೆ. ಹೇಳಿದವನಿಗೆ ಲಾಭ ತರುತ್ತದೆ. ಕಹಿ ಸುದ್ದಿಯು ಕೇಳುವವನ ತಪ್ಪನ್ನೇ ಹೇಳುತ್ತದೆ. ಹೇಳಿದವನಿಗೆ ನಷ್ಟ ತರುತ್ತದೆ. ಕಲ್ಯಾಣದ ಬಿಜ್ಜಳನ ಆಸ್ಥಾನದಲ್ಲಿ ಕೊಂಡೆಯ ಮಂಚಣ್ಣನಂಥವರ ಚಾಡಿಗೆ ಸದಾ ಕಿವಿ ತೆರೆದಿತ್ತೆಂದು ನಮ್ಮ ಪುರಾಣಗಳು ಹೇಳುತ್ತವೆ. ಭಂಡಾರದ ಹಣವು ಜಂಗಮ ದಾಸೋಹಕ್ಕೆ ಹರಿದುಹೋಗುತ್ತಿದೆ ಎಂಬ ದೂರು ಬಂದಾಗ ಲೆಕ್ಕ ನೋಡಲಾಯಿತು. ಒಂದು ಹೊನ್ನೂ ಕಡಿಮೆಯಿರಲಿಲ್ಲ. ಭಂಡಾರಿ ಬಸವಣ್ಣನವರ ಮೇಲಿನ ದೂರನ್ನು ಅಷ್ಟು ಆತುರದಿಂದ ಕೇಳಿದ ಅರಸನು, ಹರಳಯ್ಯ ಮಧುವರಸರನ್ನು ದಂಡಿಸಿದರೆ ತನ್ನ ರಾಜ್ಯದ ಗತಿಯೇನಾದೀತೆಂಬ ಮಾತನ್ನು ಕೇಳಲಿಲ್ಲ. ಕಿವಿಯೇನೋ ತೆರೆದಿತ್ತು, ಆದರೆ ಸಲ್ಲದ ದಿಕ್ಕಿಗೆ ತೆರೆದಿತ್ತು.

ಇದು ಹನ್ನೆರಡನೆಯ ಶತಮಾನದ ಮಾತಾಯಿತು. ನಮ್ಮ ಕಾಲಕ್ಕೆ ಹತ್ತಿರವಾದ, ನಮ್ಮ ನಾಡಿನ ಮಗನೊಬ್ಬನು ನೊಂದುಕೊಂಡ ಪ್ರಸಂಗವೊಂದಿದೆ. ಅದು ೧೯೬೨ರ ಚೀನಾ ಯುದ್ಧದ ಹಿಂದಿನ ಕಥೆ.

ಕೊಡಗಿನ ಮಡಿಕೇರಿಯಲ್ಲಿ ೧೯೦೬ರಲ್ಲಿ ಜನಿಸಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ೧೯೪೮ರ ನವೆಂಬರಿನಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿಯನ್ನು ಉಳಿಸಿದ ವೀರರು. ಕೊರಿಯಾ ಯುದ್ಧದ ಸೆರೆಯಾಳುಗಳ ವಿಷಯದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಜಗತ್ತಿನ ಮೆಚ್ಚುಗೆಯನ್ನು ಗಳಿಸಿದವರು. ೧೯೫೭ರ ಮೇ ತಿಂಗಳಿನಲ್ಲಿ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾದರು. ಅದೇ ವರ್ಷ ಚೀನಾ ದೇಶವು ಅಕ್ಸಾಯ್ ಚಿನ್ ಪ್ರದೇಶದ ಮೂಲಕ ಹಾಯುವ ಹೆದ್ದಾರಿಯನ್ನು ಪೂರ್ಣಗೊಳಿಸಿತು. ಈ ಸಂಗತಿಯನ್ನು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಸಂಸತ್ತಿನ ಮುಂದೆ ಒಪ್ಪಿಕೊಂಡದ್ದು ೧೯೫೯ರ ಆಗಸ್ಟಿನಲ್ಲಿ. ಅಷ್ಟರೊಳಗೆ ಲೋಂಗ್ಜು ಎಂಬಲ್ಲಿ ಗುಂಡಿನ ಕಾಳಗವೂ ನಡೆದಿತ್ತು.

ಉತ್ತರದ ಗಡಿ ಇನ್ನು ಸುರಕ್ಷಿತವಲ್ಲವೆಂದು ಸೇನಾಧಿಪತಿಗಳು ಅರಿತಿದ್ದರು. ಆದರೆ ರಕ್ಷಣಾ ಸಚಿವರಾಗಿದ್ದ ವಿ. ಕೆ. ಕೃಷ್ಣ ಮೆನನ್ ಅವರ ದೃಷ್ಟಿಯಲ್ಲಿ ನಿಜವಾದ ಭಯವು ಪಾಕಿಸ್ತಾನದಿಂದಲೇ ಹೊರತು ಚೀನಾದಿಂದಲ್ಲ. ಅಧಿಕಾರಿಗಳ ಬಡ್ತಿಯ ವಿಷಯದಲ್ಲಿಯೂ ಇಬ್ಬರಿಗೂ ವಿರಸ ಬೆಳೆದಿತ್ತು. ತಿಮ್ಮಯ್ಯನವರು ತಮ್ಮ ಸಂಕಟವನ್ನು ಪ್ರಧಾನಿಯವರಲ್ಲಿಯೇ ತೋಡಿಕೊಂಡರು. ಆ ಮಾತು ಸಚಿವರ ಕಿವಿಗೆ ಬಿದ್ದು, ಅವರು ಸೇನಾಧಿಪತಿಯ ಮೇಲೆ ಸಿಡಿಮಿಡಿಗೊಂಡರು. ೧೯೫೯ರ ಆಗಸ್ಟ್ ೩೧ರಂದು ತಿಮ್ಮಯ್ಯನವರು ರಾಜೀನಾಮೆ ಸಲ್ಲಿಸಿದರು. ನೆಹರೂ ಅವರು ಕರೆದು ಸಮಾಧಾನ ಹೇಳಿದರು. ಅವರ ಮಾತಿಗೆ ಗೌರವವಿತ್ತು ತಿಮ್ಮಯ್ಯನವರು ರಾಜೀನಾಮೆಯನ್ನು ಹಿಂದಕ್ಕೆ ಪಡೆದರು. ಸೆಪ್ಟೆಂಬರ್ ೨ರಂದು ಪ್ರಧಾನಿಯವರು ಲೋಕಸಭೆಯಲ್ಲಿ ಆ ಭಿನ್ನಾಭಿಪ್ರಾಯವನ್ನು ಅಲ್ಪ ಸಂಗತಿಯೆಂದು ಬಗೆದು, ಸೇನಾಧಿಪತಿಯ ನಡತೆಯನ್ನೇ ಆಕ್ಷೇಪಿಸಿ ಮಾತನಾಡಿದರು.

ಸೇನೆಯು ಚುನಾಯಿತ ಸರ್ಕಾರದ ಅಧೀನದಲ್ಲಿರಬೇಕೆಂಬ ನೆಹರೂ ಅವರ ತತ್ತ್ವದಲ್ಲಿ ಎಳ್ಳಷ್ಟೂ ದೋಷವಿಲ್ಲ. ನೆರೆಯ ದೇಶಗಳಲ್ಲಿ ಸೈನ್ಯವೇ ಸಿಂಹಾಸನವನ್ನೇರಿದ್ದನ್ನು ಕಂಡವರಿಗೆ ಆ ತತ್ತ್ವದ ಬೆಲೆ ಗೊತ್ತು. ಆದರೆ ಆ ದಿನ ದೇಶದ ಎದುರು ತಲೆ ತಗ್ಗಿಸಬೇಕಾಗಿ ಬಂದವರು ತಿಮ್ಮಯ್ಯನವರೊಬ್ಬರೇ ಆದರೂ, ಪಾಠ ಕಲಿತವರು ಹಲವರು. ಜೋಜಿ ಲಾದ ವೀರನಿಗೇ ಈ ಗತಿಯಾದರೆ ನಮ್ಮಂಥವರ ಪಾಡೇನು ಎಂದು ಅವರ ಕೆಳಗಿನ ಅಧಿಕಾರಿಗಳು ಎಣಿಸಿದರೆ ಅದರಲ್ಲಿ ಆಶ್ಚರ್ಯವೇನು?

ಹಾಗಿದ್ದೂ ಹೇಳಿದವರು ಇಲ್ಲದಿರಲಿಲ್ಲ. ಪೂರ್ವ ವಲಯದ ದಂಡನಾಯಕರಾಗಿದ್ದ ಕೊಲ್ಲಾಪುರದ ಲೆಫ್ಟಿನೆಂಟ್ ಜನರಲ್ ಎಸ್. ಪಿ. ಪಿ. ಥೋರಾಟ್ ಅವರು ೧೯೫೯ರ ಅಕ್ಟೋಬರಿನಲ್ಲಿ ಈಶಾನ್ಯ ಗಡಿಯ ರಕ್ಷಣೆಯ ಬಗೆಗೆ ವಿವರವಾದ ಪತ್ರವೊಂದನ್ನು ಸಿದ್ಧಪಡಿಸಿದರು. ಗಡಿರೇಖೆಯ ಮೇಲೆಯೇ ಸಣ್ಣ ಸಣ್ಣ ಠಾಣೆಗಳನ್ನಿಟ್ಟರೆ ಅವು ನಿಲ್ಲಲಾರವು. ದಾರಿ, ದವಸ, ಮದ್ದುಗುಂಡುಗಳು ಸುಲಭವಾಗಿ ತಲುಪುವ ಹಿಂದಿನ ನೆಲೆಯಲ್ಲಿ ನಿಂತು ಕಾದಬೇಕು ಎಂಬುದು ಅದರ ಸಾರ. ೧೯೬೦ರ ಮಾರ್ಚಿನಲ್ಲಿ ಲಖನೌದಲ್ಲಿ 'ಲಾಲ್ ಕಿಲಾ' ಎಂಬ ಹೆಸರಿನ ಸಮರಾಭ್ಯಾಸವನ್ನು ನಡೆಸಿ ಅದನ್ನೇ ತೋರಿಸಿಕೊಟ್ಟರು. ರಕ್ಷಣಾ ಸಚಿವರು ಅದನ್ನು ಅತಿಭಯದ ಮಾತೆಂದು ಬದಿಗಿಟ್ಟರು. ಯುದ್ಧದಲ್ಲಿ ಸೋತ ಮೇಲೆ ನೆಹರೂ ಅವರು ತಮ್ಮನ್ನು ಕರೆಸಿ, ಈ ಪತ್ರವನ್ನು ತಮಗೇಕೆ ತೋರಿಸಲಿಲ್ಲವೆಂದು ಕೇಳಿದ ಸಂಗತಿಯನ್ನು ಥೋರಾಟ್ ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಮೂರು ವರ್ಷಗಳ ಕಾಲ ಒಂದು ಕಾಗದವು ರಕ್ಷಣಾ ಸಚಿವರ ಮೇಜಿನಿಂದ ಪ್ರಧಾನಿಯ ಮೇಜಿಗೆ ಹೋಗಲಿಲ್ಲ! ಹಿಮಾಲಯದ ಕಣಿವೆಗಳಿಗಿಂತ ದೊಡ್ಡ ಕಣಿವೆ ದೆಹಲಿಯಲ್ಲಿಯೇ ಇತ್ತು.

ತಿಮ್ಮಯ್ಯ, ಥೋರಾಟ್ ಇಬ್ಬರೂ ೧೯೬೧ರಲ್ಲಿ ನಿವೃತ್ತರಾದರು. ಅದೇ ವರ್ಷದ ಕೊನೆಯಲ್ಲಿ, ವಿವಾದದ ನೆಲದಲ್ಲಿ ಮುಂದೆ ಮುಂದೆ ಠಾಣೆಗಳನ್ನು ಹೂಡುವ ನೀತಿ ಜಾರಿಗೆ ಬಂದಿತು. ನಮ್ಮವರು ಹತ್ತು ಹನ್ನೆರಡು ಮಂದಿ ಇದ್ದರೂ ಸಾಕು, ಅಂಥ ಕಡೆಗೆ ಚೀನೀಯರು ಬರುವುದಿಲ್ಲ ಎಂಬ ಅಭಿಪ್ರಾಯವನ್ನು ಬೇಹುಗಾರಿಕೆಯ ಇಲಾಖೆ ಕೊಟ್ಟಿತ್ತು. ಯುದ್ಧ ಬೇಡವೆಂದು ಮನಃಪೂರ್ವಕವಾಗಿ ಬಯಸುತ್ತಿದ್ದ ಪ್ರಧಾನಿಗೆ, ಯುದ್ಧ ಬರುವುದಿಲ್ಲವೆಂಬ ಮಾತು ಎಷ್ಟು ಹಿತವಾಗಿದ್ದಿರಬೇಕು! ನಿವೃತ್ತ ತಿಮ್ಮಯ್ಯನವರು ೧೯೬೨ರ ಜುಲೈನಲ್ಲಿ 'ಸೆಮಿನಾರ್' ಪತ್ರಿಕೆಯಲ್ಲಿ ಬರೆಯುತ್ತ, ಭಾರತವು ತಾನೊಂದೇ ಚೀನಾದೊಡನೆ ಬಹಿರಂಗ ಯುದ್ಧಕ್ಕಿಳಿಯುವುದನ್ನು ಸೈನಿಕನಾದ ತಾನು ಊಹಿಸಲಾರೆನೆಂದೂ, ಗಡಿಯ ಭದ್ರತೆಯನ್ನು ರಾಜತಂತ್ರಜ್ಞರೇ ನೋಡಿಕೊಳ್ಳಬೇಕೆಂದೂ ಸ್ಪಷ್ಟಪಡಿಸಿದರು. ಕಚೇರಿಯ ಬಾಗಿಲು ಮುಚ್ಚಿದ ಮೇಲೆ ಬೀದಿಯಲ್ಲಿ ನಿಂತು ಕೂಗಿದಂತಾಯಿತು.

ಆ ಸೆಪ್ಟೆಂಬರಿನಲ್ಲಿ ಚೀನೀಯರು ನಾಮ್ಕಾ ಚು ಎಂಬ ಹೊಳೆಯ ಬಳಿಗೆ ಬಂದಿಳಿದರು. ಅವರನ್ನು ಹೊರಗಟ್ಟಬೇಕೆಂಬ ಆಜ್ಞೆ ಹೊರಟಿತು. ಆ ಭಾಗದ ಹೊಣೆ ಹೊತ್ತಿದ್ದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್ ಅವರು ಸಾಮಗ್ರಿಯಿಲ್ಲದೆ ಈ ಕಾರ್ಯ ಸಾಧ್ಯವಿಲ್ಲವೆಂದರು. ಅಕ್ಟೋಬರ್ ಮೊದಲ ವಾರದಲ್ಲಿ ಆ ಗಡಿಯ ಹೊಣೆಯನ್ನೇ ಅವರಿಂದ ತೆಗೆದು, ದೆಹಲಿಗೆ ಪ್ರಿಯರಾಗಿದ್ದ ಬಿ. ಎಂ. ಕೌಲ್ ಅವರಿಗೆ ಒಪ್ಪಿಸಲಾಯಿತು. ಹೊಳೆಯ ದಡದಲ್ಲಿದ್ದ ಬ್ರಿಗೇಡಿನ ಜವಾನರು ಆ ಎತ್ತರದ ಚಳಿಯಲ್ಲಿ ಬೇಸಿಗೆಯ ಹತ್ತಿಬಟ್ಟೆಯಲ್ಲಿಯೇ ಇದ್ದರು. ಅಕ್ಟೋಬರ್ ೧೦ರಂದು ನಡೆದ ಚಕಮಕಿಯಲ್ಲಿ ಎದುರಾಳಿಯ ಬಲವೆಷ್ಟೆಂಬುದು ಕೌಲ್ ಅವರ ಕಣ್ಣಿಗೇ ಬಿತ್ತು. ಮರುರಾತ್ರಿ ಪ್ರಧಾನಿಯ ನಿವಾಸದಲ್ಲಿ ಸಭೆ ಸೇರಿತು. ಆದರೂ ಬ್ರಿಗೇಡನ್ನು ಆ ಹೊಳೆಯಿಂದ ಹಿಂದಕ್ಕೆ ಕರೆಸಿಕೊಳ್ಳುವ ನಿರ್ಧಾರ ಆ ಸಭೆಯಿಂದ ಹೊರಬೀಳಲಿಲ್ಲ. ೧೨ರಂದು ಕೊಲಂಬೋಗೆ ಹೊರಟ ನೆಹರೂ ಅವರು, ನಮ್ಮ ನೆಲವನ್ನು ತೆರವುಗೊಳಿಸಲು ಸೇನೆಗೆ ಸೂಚಿಸಲಾಗಿದೆಯೆಂದು ಪತ್ರಕರ್ತರಿಗೆ ತಿಳಿಸಿದರು. ೨೦ರ ಬೆಳಗಿನ ಜಾವ ಚೀನೀ ಸೇನೆ ಮೇಲೆ ಬಿದ್ದಿತು. ಬ್ರಿಗೇಡ್ ನುಚ್ಚುನೂರಾಯಿತು, ಅದರ ನಾಯಕ ಬ್ರಿಗೇಡಿಯರ್ ಜಾನ್ ದಳವಿ ಸೆರೆ ಸಿಕ್ಕರು. ಮುಂದೆ ಅವರು ಬರೆದ ಗ್ರಂಥವು ರವಿ ಬೆಳಗೆರೆಯವರ ಅನುವಾದದಲ್ಲಿ 'ಹಿಮಾಲಯನ್ ಬ್ಲಂಡರ್' ಎಂದು ಕನ್ನಡದ ಮನೆಮನೆಗಳನ್ನು ತಲುಪಿದೆ.

ಒಂದು ತಿಂಗಳಲ್ಲಿ ಯುದ್ಧ ಮುಗಿಯಿತು. ಸರ್ಕಾರದ ಲೆಕ್ಕದಂತೆ ಮಡಿದವರು ೧,೩೮೩ ಮಂದಿ. ಕಾಣೆಯಾದವರು ೧,೬೯೬ ಮಂದಿ. ಆಗ ನಾನು ಎಳೆಯ ಕೂಸು. ದೇಶದ ತಾಯಂದಿರು ರಕ್ಷಣಾ ನಿಧಿಗೆಂದು ಕೈಬಳೆಗಳನ್ನು ಬಿಚ್ಚಿ ಕೊಟ್ಟ ಕಥೆಯನ್ನು ಹಿರಿಯರ ಬಾಯಿಂದ ಕೇಳುತ್ತ ಬೆಳೆದವನು. ಬಿಚ್ಚಿಕೊಟ್ಟ ಬಳೆಗಳು ಹೊಸ ಬಂದೂಕುಗಳನ್ನು ತಂದಿರಬಹುದು. ಸಕಾಲದಲ್ಲಿ ಕೇಳದೆ ಹೋದ ಮಾತನ್ನು ಮರಳಿ ತರುವ ಶಕ್ತಿ ಯಾವ ಬಂಗಾರಕ್ಕಿದೆ?

ಇದೇ ರೋಗವು ಇನ್ನೊಂದು ದೇಶದಲ್ಲಿ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿತ್ತು. ೧೯೪೧ರಲ್ಲಿ ಹಿಟ್ಲರನು ರಷ್ಯದ ಮೇಲೆ ಏರಿಬರುವ ಸುದ್ದಿ ಸ್ಟಾಲಿನ್ನನಿಗೆ ಹಲವು ದಿಕ್ಕುಗಳಿಂದ ಬಂದಿತ್ತು. ಸೈನಿಕ ಬೇಹುಗಾರಿಕೆಯ ಮುಖ್ಯಸ್ಥ ಗೋಲಿಕೋವನು ಅಂಥ ವರದಿಗಳನ್ನು ಸಂದೇಹಾಸ್ಪದವೆಂದು, ಶತ್ರುಗಳ ಹುನ್ನಾರವೆಂದು ಗುರುತು ಹಾಕಿ ಒಡೆಯನ ಮುಂದೆ ಇರಿಸುತ್ತಿದ್ದನು. ಆ ಪದವಿಯಲ್ಲಿ ಹಿಂದೆ ಇದ್ದವರಲ್ಲಿ ಹಲವರು ಗುಂಡಿಗೆ ಬಲಿಯಾಗಿದ್ದರೆಂಬುದು ಅವನಿಗೆ ತಿಳಿದಿತ್ತು. ಜೂನ್ ೨೨ರಂದು ಯುದ್ಧ ಬಂದೇ ಬಂದಿತು.

ಸ್ಟಾಲಿನ್ನನ ಆಸ್ಥಾನದಲ್ಲಿ ನಿಜ ಹೇಳಿದರೆ ಪ್ರಾಣ ಹೋಗುತ್ತಿತ್ತು. ನೆಹರೂ ಅವರ ದೆಹಲಿಯಲ್ಲಿ ಯಾರ ಪ್ರಾಣವೂ ಹೋಗುತ್ತಿರಲಿಲ್ಲ. ಅವರು ಸುಸಂಸ್ಕೃತರು, ಪ್ರಜಾಪ್ರಭುತ್ವವಾದಿಗಳು, ಜನರನ್ನು ಪ್ರೀತಿಸಿದವರು. ಆದರೂ ಎರಡೂ ಕಡೆ ಕಹಿ ಸುದ್ದಿ ದಾರಿಯಲ್ಲಿಯೇ ನಿಂತಿತು. ಸುದ್ದಿಯನ್ನು ನಿಲ್ಲಿಸಲು ಕತ್ತಿಯೇ ಬೇಕೆಂದಿಲ್ಲ. ಗಂಟಿಕ್ಕಿದ ಹುಬ್ಬು ಸಾಕು. ಮೊದಲು ಹೇಳಿದವನಿಗೆ ಅವಮಾನವಾದ ದಿನವೇ ಎರಡನೆಯವನ ಬಾಯಿ ಮುಚ್ಚುತ್ತದೆ. ಮೂರನೆಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಡೆಯನಿಗೆ ಪ್ರಿಯವಾದದ್ದನ್ನೇ ಹುಡುಕಿ ತರುತ್ತಾನೆ. ಆಮೇಲೆ "ನನಗೇಕೆ ಯಾರೂ ಹೇಳಲಿಲ್ಲ?" ಎಂದು ಒಡೆಯನು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಹೊರಗಿಲ್ಲ. ಅವನ ಮುಖದಲ್ಲಿಯೇ ಇದೆ.

ಇಷ್ಟನ್ನು ದೊಡ್ಡವರ ಬಗ್ಗೆ ಬರೆಯುವ ಹಕ್ಕು ನನಗೆಲ್ಲಿಂದ ಬಂತು ಎಂದು ನೀವು ಕೇಳಬಹುದು. ನನ್ನದೇ ಒಂದು ತಪ್ಪಿನಿಂದ ಬಂತು. ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಪ್ರಸಾದ ನಿಲಯವೊಂದರ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಪ್ರತಿದಿನ ರಾತ್ರಿ ಪಂಕ್ತಿಯ ನಡುವೆ ನಡೆಯುತ್ತ "ಎಲ್ಲ ಸರಿಯಿದೆಯೇ?" ಎಂದು ಕೇಳುತ್ತಿದ್ದೆ. "ಸರಿಯಿದೆ ಗುರುಗಳೇ" ಎಂದು ಒಕ್ಕೊರಲಿನ ಉತ್ತರ ಬರುತ್ತಿತ್ತು. ನನಗೆ ಬಹಳ ಸಂತೋಷ. ಒಂದು ಮಳೆಗಾಲದಲ್ಲಿ ಹದಿನೈದಕ್ಕೂ ಹೆಚ್ಚು ಹುಡುಗರು ವಾಂತಿಭೇದಿಯಿಂದ ಹಾಸಿಗೆ ಹಿಡಿದರು. ನೀರಿನ ತೊಟ್ಟಿಯ ಮುಚ್ಚಳ ಒಡೆದು ಕಸ ಬಿದ್ದು ಎಷ್ಟೋ ವಾರಗಳಾಗಿದ್ದವು. ಅಡಿಗೆಯವರಿಗೆ ಗೊತ್ತಿತ್ತು, ದೊಡ್ಡ ಹುಡುಗರಿಗೆ ಗೊತ್ತಿತ್ತು; ಗೊತ್ತಿಲ್ಲದವನು ನಾನೊಬ್ಬನೇ. ಶಿವಕೃಪೆಯಿಂದ ಎಲ್ಲರೂ ಗುಣಮುಖರಾದರು.

ಏಕೆ ಹೇಳಲಿಲ್ಲವೆಂದು ಗದರಿ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ವಯಸ್ಸಾದ ಅಡಿಗೆಯ ಅಯ್ಯನವರು ನನ್ನನ್ನು ಒಲೆಯ ಬಳಿಗೆ ಕರೆದು ಮೆಲ್ಲನೆ ನುಡಿದರು: "ಸ್ವಾಮೀ, ವರ್ಷದ ಮೊದಲಲ್ಲಿ ಒಬ್ಬ ಹುಡುಗ ಎದ್ದು ನಿಂತು ಅನ್ನದಲ್ಲಿ ಹುಳು ಇದೆ ಎಂದ. ಪ್ರಸಾದವನ್ನು ಜರಿಯುತ್ತೀಯಾ ಎಂದು ನೀವು ಅವನನ್ನು ಪಂಕ್ತಿಯಿಂದ ಎಬ್ಬಿಸಿ ಕಳಿಸಿದಿರಿ. ಅಂದಿನಿಂದ ಎಲ್ಲ ಸರಿಯಿದೆ."

ಆ ಹುಡುಗನ ಮುಖ ನನಗೆ ನೆನಪಿರಲೇ ಇಲ್ಲ. ಉಳಿದ ಹುಡುಗರೆಲ್ಲರಿಗೂ ನೆನಪಿತ್ತು. ಮರುದಿನ ಪಂಕ್ತಿಯಲ್ಲಿ ನಿಂತು ಅವನ ಕ್ಷಮೆ ಕೇಳಿದೆ. ಅನಂತರ "ಎಲ್ಲ ಸರಿಯಿದೆಯೇ?" ಎಂದು ಕೇಳುವುದನ್ನು ಬಿಟ್ಟು "ಇಂದು ಏನು ಸರಿಯಿಲ್ಲ?" ಎಂದು ಕೇಳತೊಡಗಿದೆ. ಮೊದಲ ಎರಡು ವಾರ ಮೌನ. ಮೂರನೆಯ ವಾರ ಅತ್ಯಂತ ಕಿರಿಯ ಹುಡುಗನೊಬ್ಬ, ಸ್ನಾನದ ಮನೆಯ ದೀಪ ಕೆಟ್ಟಿದೆ ಎಂದ. ಅಂದೇ ಅದನ್ನು ಸರಿಪಡಿಸಿ ಎಲ್ಲರ ಎದುರಿಗೆ ಅವನಿಗೆ ಶರಣೆಂದೆ. ಆಮೇಲೆ ಬಾಯಿಗಳು ಒಂದೊಂದಾಗಿ ತೆರೆದವು. ಒಂದು ದಿನದ ಸಿಟ್ಟು ಮುಚ್ಚಿದ ಬಾಗಿಲನ್ನು ತೆರೆಯಲು ಇಡೀ ಒಂದು ವರ್ಷ ಹಿಡಿಯಿತು.

ದೇಶವೂ ಹೀಗೆಯೇ ಕಲಿಯಬೇಕು. ೧೯೬೨ರ ಸೋಲನ್ನು ಪರಿಶೀಲಿಸಿ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಸೇನಾಧಿಕಾರಿಗಳು ೧೯೬೩ರಲ್ಲಿ ಒಪ್ಪಿಸಿದ ವರದಿಯನ್ನು ಸರ್ಕಾರವು ಗೋಪ್ಯವೆಂದೇ ಇರಿಸಿತು. ಅದರ ಒಂದು ಭಾಗ ಜನರ ಕಣ್ಣಿಗೆ ಬಿದ್ದದ್ದು ೨೦೧೪ರಲ್ಲಿ, ಅದೂ ಒಬ್ಬ ವಿದೇಶೀ ಪತ್ರಕರ್ತನ ಕೈಯಿಂದ. ಆದರೆ ೧೯೯೯ರ ಕಾರ್ಗಿಲ್ ಕದನದ ಬಳಿಕ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ಕೊಟ್ಟ ವರದಿಯನ್ನು, ಕೆಲವು ಭಾಗಗಳನ್ನು ಬಿಟ್ಟು, ೨೦೦೦ದಲ್ಲಿ ಸಂಸತ್ತಿನ ಮುಂದೆ ಇರಿಸಲಾಯಿತು. ಬೇಹುಗಾರಿಕೆಯ ಲೋಪಗಳನ್ನು ಅದು ಎತ್ತಿ ತೋರಿಸಿತು. ದೇಶ ಅದರಿಂದ ಕುಗ್ಗಲಿಲ್ಲ. ತಪ್ಪನ್ನು ಓದಿಕೊಳ್ಳಬಲ್ಲ ದೇಶಕ್ಕೆ ತಪ್ಪಿನ ಭಯ ಕಡಿಮೆ.

ತಿಮ್ಮಯ್ಯನವರು ೧೯೬೫ರ ಡಿಸೆಂಬರಿನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಸೈಪ್ರಸ್ ದ್ವೀಪದಲ್ಲಿದ್ದಾಗ ತೀರಿಕೊಂಡರು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' ೨೦೨೧ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮಕ್ಕಳನ್ನು ಕೊಡಗಿಗೆ ಕರೆದೊಯ್ಯುವ ತಂದೆ ತಾಯಿಗಳು ಅಲ್ಲಿಗೂ ಒಮ್ಮೆ ಕರೆದೊಯ್ಯಿರಿ. ಗೆದ್ದ ಕಾಳಗಗಳ ಜೊತೆಗೆ, ಅವರ ಮಾತನ್ನು ಕೇಳದೆ ನಾವು ಸೋತ ಕಾಳಗವನ್ನೂ ಹೇಳಿಕೊಡಿರಿ.

ಮನೆಯ ಯಜಮಾನರಿಗೆ ನನ್ನ ಬಿನ್ನಹ ಇಷ್ಟೇ. ಮಗನು ಪರೀಕ್ಷೆಯಲ್ಲಿ ಸೋತದ್ದನ್ನು, ಸೊಸೆಯು ಸಾಲದ ಚೀಟಿಯನ್ನು, ಮಡದಿಯು ತನ್ನ ಎದೆನೋವನ್ನು ನಿಮ್ಮಿಂದ ಮುಚ್ಚಿಟ್ಟರೆಂದು ತಿಳಿದಾಗ "ಏಕೆ ಹೇಳಲಿಲ್ಲ?" ಎಂದು ಗುಡುಗುವ ಮೊದಲು, ಹಿಂದೊಮ್ಮೆ ಹೇಳಿದಾಗ ನೀವೇನು ಮಾಡಿದಿರೆಂದು ನೆನೆಯಿರಿ. ಕಹಿ ಸುದ್ದಿ ತಂದವರಿಗೆ ಮೊದಲು ಕೂರಲು ಹೇಳಿ, ಕುಡಿಯಲು ನೀರು ಕೊಡಿ. ಸುದ್ದಿಯ ಮೇಲೆ ಬಂದ ಕೋಪವನ್ನು ತಂದವರ ಮೇಲೆ ಚೆಲ್ಲಬೇಡಿ.

ಒಳಕಲ್ಲು ತೀರ್ಥದ ಆ ಮಗುವಿನ ಕಥೆಯಲ್ಲಿ ಒಂದು ಮಾತು ಉಳಿದಿದೆ. ಅರ್ಧ ಬೆಟ್ಟ ಇಳಿದ ಮೇಲೆ ನಾನು ಮತ್ತೆ ಅವರನ್ನು ಕಂಡೆ. ಯಜಮಾನರು ಬಂಡೆಯ ನೆರಳಿನಲ್ಲಿ ಕುಳಿತು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ನಾನು ಹಾದು ಹೋಗುವಾಗ ಅವರ ಮಾತು ಕಿವಿಗೆ ಬಿತ್ತು: "ನನಗೂ ಸಿಗಲಿಲ್ಲ ಮಗಳೇ. ಮುಂದಿನ ಸಲ ಇಬ್ಬರೂ ಸೇರಿ ನೋಡೋಣ."

ಆ ಮನೆಯಲ್ಲಿ ಇನ್ನು ಮುಂದೆ ನಿಜವಾದ ಸುದ್ದಿ ಬರುತ್ತದೆಂದು ನನಗೆ ಭರವಸೆಯಾಯಿತು.